ಕಾಕಾ ಹಿಡಿದ ಹೂಬೆಂಕಿ

ನಮ್ಮ ಕಾಕಾ ಮೂವತ್ತನಾಲ್ಕು ವರ್ಷ ಸಿಡಿಮದ್ದು ತುಂಬುವ ನೌಕರಿ ಮಾಡಿದವರು. ಆದರೆ ಬೆಂಕಿಕಡ್ಡಿ ಗೀರಲು ಅವರಿಗೆ ಇವತ್ತಿಗೂ ಬರುವುದಿಲ್ಲ! ಸುಳ್ಳಲ್ಲ. ನಂಬದವರು ಹೈದರಾಬಾದಿನ ಉಪ್ಪಲ್‌ಗೆ ಬಂದು ಅವರ ಕೈಗೊಂದು ಕಡ್ಡಿಪೆಟ್ಟಿಗೆ ಕೊಟ್ಟು ನೋಡಬಹುದು. ಹಾವಿನ ಮರಿ ಕೊಟ್ಟವರ ಹಾಗೆ ನಿಮ್ಮನ್ನೇ ದುರುಗುಟ್ಟಿ ನೋಡುತ್ತಾರೆ. ಮನೆಯಲ್ಲಿ ದೇವರ ದೀಪ ಹಚ್ಚುವುದು ಕಾಕು, ಅಂದರೆ ಅವರ ಹೆಂಡತಿ. ಕಾಕಾ ಮಂತ್ರ ಹೇಳುವುದೇನಿದ್ದರೂ ದೇವರಕೋಣೆಯ ಹೊಸ್ತಿಲಿನಾಚೆ ನಿಂತು. ಮಂಗಳಾರತಿಗೆ ಕೈ ಚಾಚುವುದೂ ಇಲ್ಲ, ದೂರದಿಂದಲೇ ನಮಸ್ಕಾರ. ದೇವರಿಗೇನೂ ಬೇಸರವಿಲ್ಲ, ಕಾಕುವಿಗೆ ಇದೆ.

ಕಾಕಾ ನನ್ನ ಅಪ್ಪನ ತಮ್ಮ. ಬಾಗಲಕೋಟೆ ಕಡೆಯ ನಮ್ಮ ಮನೆತನ ಹೈದರಾಬಾದಿಗೆ ಬಂದು ಎರಡು ತಲೆಮಾರಾಯಿತು. ಕಾಕಾ ಕೆಲಸ ಮಾಡಿದ್ದು ಊರ ಹೊರಗಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ. ಅದರ ಹೆಸರನ್ನು ಅವರು ಕಾಕುವಿಗೇ ಸರಿಯಾಗಿ ಹೇಳಿಲ್ಲ, ಇನ್ನು ನಾನು ನಿಮಗೆ ಹೇಗೆ ಹೇಳಲಿ? ಅಲ್ಲಿ ಮದ್ದಿನ ಕೋಣೆಗಳ ಬಾಗಿಲಿಗೆಲ್ಲ ಒಂದೊಂದು ಬೋರ್ಡು ಇರುತ್ತದಂತೆ: ಒಳಗೆ ಇಷ್ಟೇ ಜನ ಇರಬೇಕು, ಒಬ್ಬ ಹೆಚ್ಚಾದರೂ ಕೂಡದು. ಸಿಡಿದರೆ ಸಾಯುವವರ ಸಂಖ್ಯೆ ಮೊದಲೇ ಗೊತ್ತಿರಲಿ ಎಂದು! ಕಾಕಾ ನಿವೃತ್ತರಾದ ಮರುದಿನವೇ ಅಂಥದೇ ಬೋರ್ಡನ್ನು ತಮ್ಮ ಅಡಿಗೆಮನೆಯ ಬಾಗಿಲಿಗೆ ಹೊಡೆದರು. "ಜನ: ಇಬ್ಬರು." ಯುಗಾದಿಗೆ ನಾವು ಐದು ಜನ ಹೆಂಗಸರು ಹೋಳಿಗೆ ಮಾಡಲು ಸೇರಿದರೆ ಮೂವರು ಹೊರಗೆ ನಿಂತು ಪಾಳಿ ಕಾಯಬೇಕು. ಬಾಗಿಲ ಪಕ್ಕದಲ್ಲಿ ಗೋಡೆಗೊಂದು ತಾಮ್ರದ ತಗಡು, ಅದರಿಂದ ನೆಲಕ್ಕೊಂದು ತಂತಿ. ಮೈಯಲ್ಲಿರುವ ವಿದ್ಯುತ್ತು ಇಳಿದುಹೋಗಲೆಂದು ಒಳಗೆ ಹೋಗುವವರೆಲ್ಲ ಅದನ್ನು ಮುಟ್ಟಿ ಹೋಗಬೇಕು. ಮನೆಗೆಲಸದ ಲಕ್ಷ್ಮಮ್ಮ ಅದು ಯಾವುದೋ ದೇವರೆಂದು ತಿಳಿದು ಮೊದಲ ವಾರ ಅರಿಶಿನ ಕುಂಕುಮ ಹಚ್ಚಿದ್ದಳು.

"ನೈಲಾನ್ ಸೀರಿ ಉಟ್ಟು ಗ್ಯಾಸ್ ಹಚ್ಚಬ್ಯಾಡ," ಎಂದು ಕಾಕಾ ಹೇಳಿದಾಗಲೆಲ್ಲ ಕಾಕು, "ನಿಮ್ಮನ್ನ ಕಟ್ಟಿಕೊಂಡು ನಲವತ್ತ ವರ್ಷ ಆತು. ಸಿಡಿಯೋದಿದ್ರ ಯಾವಾಗೋ ಸಿಡೀತಿದ್ದೆ," ಎನ್ನುತ್ತಾಳೆ.

ನಾನು ಇದನ್ನೆಲ್ಲ ನಗುನಗುತ್ತಾ ಹೇಳುತ್ತಿದ್ದೇನೆಂದು ನನ್ನನ್ನು ಧೈರ್ಯಸ್ಥೆ ಎಂದುಕೊಳ್ಳಬೇಡಿ. ಕುಕ್ಕರಿನ ಮೂರನೆಯ ಸೀಟಿಗೂ ಬೆಚ್ಚುವ ಜೀವ ನನ್ನದು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ, ಸರಿ. ಆದರೆ ಪ್ರಯೋಗದ ಹೊತ್ತಿಗೆ ಸ್ಪಿರಿಟ್ ದೀಪವನ್ನು ಅಟೆಂಡರ್ ಕೈಯಲ್ಲಿ ಹಚ್ಚಿಸುತ್ತೇನೆ. ಇಡೀ ವಂಶದಲ್ಲಿ ನನಗಿಂತ ಹೆಚ್ಚು ಹೆದರುವವರು ಒಬ್ಬರಾದರೂ ಇದ್ದಾರಲ್ಲ ಎಂಬ ಸಮಾಧಾನವನ್ನು ನನಗೆ ಕೊಟ್ಟವರು ಕಾಕಾ. ಆ ಸಮಾಧಾನ ಎರಡು ವರ್ಷದ ಹಿಂದೆ ಅವರು ಜಪಾನಿಗೆ ಹೋಗಿಬರುವ ತನಕ ಇತ್ತು.

ಅವರ ಮಗಳು ಶೈಲಾ ಆಗ ಅಲ್ಲಿದ್ದಳು. ಗಂಡನಿಗೆ ಒಂದು ಇಂಜಿನ್ ಕಾರ್ಖಾನೆಯಲ್ಲಿ ಎರಡು ವರ್ಷದ ಕೆಲಸ. ಅಲ್ಲಿಯ ಬೇಸಿಗೆಯಲ್ಲಿ ಅಪ್ಪ ಅವ್ವನನ್ನು ಒಂದು ತಿಂಗಳು ಕರೆಸಿಕೊಂಡಳು. ಅಲ್ಲಿಯವರಿಗೂ ನಮ್ಮ ಪಿತೃಪಕ್ಷದ ಹಾಗೆ ಒಂದು ಹಿರಿಯರ ಹಬ್ಬವಿದೆಯಂತೆ. ತೀರಿಕೊಂಡವರಿಗೆ ಮನೆಯ ದಾರಿ ಕಾಣಲೆಂದು ಸಂಜೆ ಬಾಗಿಲ ಮುಂದೆ ನಾಲ್ಕು ಒಣಕಡ್ಡಿ ಇಟ್ಟು ಪುಟ್ಟ ಬೆಂಕಿ ಹಾಕುತ್ತಾರೆ. ಶೈಲಾಳ ಪಕ್ಕದ ಮನೆಯ ಮುದುಕ ಹಾಗೆ ಬೆಂಕಿ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾನೆ. ನಮ್ಮ ಕಾಕಾ ಕಿಟಕಿಯಿಂದ ನೋಡಿದರು. ಆಮೇಲೆ ಏನಾಯಿತೆಂದು ಹೇಳಬೇಕೆ? ಬಚ್ಚಲಿನ ಬಕೆಟ್ಟು ಹಿಡಿದು ಓಡಿದರು, ಸುರಿದೇಬಿಟ್ಟರು! ಮುದುಕ ಕಣ್ಣು ಬಿಟ್ಟಾಗ ಅವನ ಹಿರಿಯರ ದಾರಿದೀಪ ಚುಂಯ್ ಎಂದು ಹೊಗೆಯಾಡುತ್ತಿತ್ತು. ಅವನ ಚಪ್ಪಲಿಯೂ ತೊಯ್ದಿತ್ತು.

ಶೈಲಾ ಫೋನಿನಲ್ಲಿ ಅಳಬೇಕೋ ನಗಬೇಕೋ ತಿಳಿಯದೆ ಹೇಳಿದಳು: "ನಾ ಬಗ್ಗಿ ಬಗ್ಗಿ ನಮಸ್ಕಾರ ಮಾಡಿ ಸೊಂಟ ಹೋತು. ಅಪ್ಪಾ ಏನಂತಾನ ಗೊತ್ತೇನ? 'ಮನಿ ಮುಂದ ಬೆಂಕಿ ಬಿಟ್ಟು ಕಣ್ಣು ಮುಚ್ಚಬಾರದು ಅಂತ ಅವಗ ಹೇಳು' ಅಂತಾನ!"

ಆ ಮುದುಕ ದೊಡ್ಡವನು, ಸಿಟ್ಟಾಗಲಿಲ್ಲ. ಬೆಂಕಿ ಕಂಡರೆ ಇಷ್ಟು ಹೆದರುವ ಮನುಷ್ಯನಿಗೆ ಬೆಂಕಿ ಎಂದರೇನೆಂದು ತೋರಿಸಬೇಕೆನಿಸಿತೋ ಏನೋ, ತಮ್ಮ ಗುಡಿಯ ಬೇಸಿಗೆ ಹಬ್ಬಕ್ಕೆ ಹನಾಬಿ ನೋಡಲು ಕರೆದ. ಹನಾಬಿ ಎಂದರೆ ಅವರ ಭಾಷೆಯಲ್ಲಿ ಹೂಬೆಂಕಿ. ನಾವು ಪಟಾಕಿ ಎನ್ನುವುದಕ್ಕೆ ಅವರು ಹಾಗೆನ್ನುತ್ತಾರೆ. ಆದರೆ ಆ ಊರಿನ ಹೂಬೆಂಕಿ ನೆಲದ ಮೇಲಿಟ್ಟು ಹಚ್ಚಿ ಓಡುವಂಥದಲ್ಲ. ತೊಡೆಯಷ್ಟು ದಪ್ಪದ ಬಿದಿರಿನ ಕೊಳವೆಗೆ ಮದ್ದು ತುಂಬಿ, ಹೊರಗೆ ಹಗ್ಗ ಸುತ್ತಿ, ಅದನ್ನು ಗಂಡಸರು ಸೊಂಟಕ್ಕೆ ಒತ್ತಿಕೊಂಡು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಬೆಂಕಿ ಎರಡು ಮಾಳಿಗೆಯೆತ್ತರಕ್ಕೆ ಚಿಮ್ಮಿ ಅವರ ತಲೆಯ ಮೇಲೆಯೇ ಸುರಿಯುತ್ತದೆ. ಅಲುಗುವಂತಿಲ್ಲ. ಕೊನೆಗೆ ಕೊಳವೆಯ ತಳ ಢಂ ಎಂದು ಕಾಲ ಬಳಿಯೇ ಒಡೆಯುತ್ತದೆ. ಆಗಲೂ ಅಲುಗುವಂತಿಲ್ಲ! ಆ ಮುದುಕನೂ ಹಿಡಿದ, ಎಪ್ಪತ್ತು ದಾಟಿದವನು. ಕಾಕು ಅರ್ಧಕ್ಕೇ ಎದ್ದು ಹೋಗಿ ಯಾವುದೋ ಮರದ ಹಿಂದೆ ರಾಮನಾಮ ಹೇಳುತ್ತ ಕುಳಿತಳಂತೆ. ಕಾಕಾ ಮಾತ್ರ ಮುಂದಿನ ಸಾಲಿನಲ್ಲಿ ಬಿಟ್ಟ ಕಣ್ಣು ಬಿಟ್ಟಂತೆ ಕುಳಿತಿದ್ದರು. ಅವರು ಹೆದರಿ ಮರಗಟ್ಟಿದ್ದಾರೆಂದು ಶೈಲಾ ನೀರು ಚಿಮುಕಿಸಿದಳು. ಮರಗಟ್ಟಿರಲಿಲ್ಲ, ನಿರ್ಧಾರ ಮಾಡುತ್ತಿದ್ದರು.

ಹೈದರಾಬಾದಿಗೆ ಬಂದ ನಾಲ್ಕನೆಯ ದಿನ ಚಹಾ ಕುಡಿಯುತ್ತ ಹೇಳಿದರು: "ಈ ದೀಪಾವಳಿಗೆ ನಾ ಒಂದು ಹಿಡಿಯಾಂವ."

"ಏನು ಕಾಕಾ, ಉಪವಾಸಾ?" ಎಂದೆ.

"ಹೂಬೆಂಕಿ."

ಬೇರೆ ಯಾರಾದರೂ ಹೀಗೆಂದಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇವರಿಗೆ ಮದ್ದು ತುಂಬಲು ಬರುತ್ತದೆ! ಈಜು ಬರದವನು ಬಾವಿಗೆ ಹಾರುತ್ತೇನೆಂದರೆ ಕೈಹಿಡಿದು ಎಳೆಯಬಹುದು. ಬಾವಿಯನ್ನೇ ತೋಡಬಲ್ಲವನನ್ನು ಏನು ಮಾಡುವುದು? ಕಾಕು ಮಾತ್ರ, "ಇವರ ಕೈಲೆ ಊದಿನಕಡ್ಡಿ ಹಚ್ಚಾಕ ಆಗಂಗಿಲ್ಲ, ಸುಮ್ನ ಕುಂಡರು," ಎಂದು ಬಟ್ಟಲು ಎತ್ತಿಕೊಂಡು ಹೋದಳು.

ಸುಮ್ಮನೆ ಕೂರುವುದೆಂತು? ಮರುದಿನವೇ ಬಿದಿರು ತರಲು ಹೊರಟರು. ಅವರನ್ನು ಒಬ್ಬರನ್ನೇ ಬಿಡಲು ಧೈರ್ಯವಾಗದೆ ನಾನೂ ಹೋದೆ. ಕಾಕಾ ಒಂದೊಂದು ಬಿದಿರನ್ನೂ ಬೆರಳಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿ, ಅಳೆದು ನೋಡುತ್ತಿದ್ದರೆ ಅಂಗಡಿಯವನ ತಾಳ್ಮೆ ಮುಗಿಯಿತು. "ದೇನಿಕಿ ಸಾರ್? ನಿಚ್ಚೆನಕಾ, ಪಾಡೆಕಾ?" ಎಂದ. ಏಣಿಗೋ ಚಟ್ಟಕ್ಕೋ ಎಂದು ಕೇಳುತ್ತಿದ್ದಾನೆ ಪುಣ್ಯಾತ್ಮ!

ಕಾಕಾ ಒಂದು ಕ್ಷಣ ಯೋಚಿಸಿ, "ಇಂಕಾ ತೆಲಿಯದು," ಎಂದರು. ಇನ್ನೂ ಗೊತ್ತಿಲ್ಲವಂತೆ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿದಿರಿನ ಎಣ್ಣೆ ಅಂಶ ಹೋಗಬೇಕೆಂದು ಅದನ್ನು ಕುದಿಸುವ ಕೆಲಸ ಬಂತು. ಮದುವೆ ಮುಂಜಿಗೆಂದು ಇಟ್ಟಿದ್ದ ದೊಡ್ಡ ಪಾತೇಲಿಯಲ್ಲಿ ಎರಡು ದಿನ ಬಿದಿರು ಬೆಂದಿತು. ಒಲೆ ಹಚ್ಚಿದ್ದು ಕಾಕು, ಕಾಕಾ ಪಡಸಾಲೆಯಿಂದ "ಸಣ್ಣಗ ಮಾಡು! ಸಣ್ಣಗ!" ಎಂದು ಕೂಗುತ್ತಿದ್ದರು. ಆಮೇಲೆ ಅದನ್ನು ಮಾಳಿಗೆಯ ಮೇಲೆ ನೆರಳಿನಲ್ಲಿ ಒಣಗಿಸಿ, ದಿನಾ ಸ್ವಲ್ಪ ಸ್ವಲ್ಪವಾಗಿ ನಾರಿನ ಹಗ್ಗ ಸುತ್ತತೊಡಗಿದರು. ಒಂದು ಸುತ್ತು ಸಡಿಲವಾಯಿತೆಂದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ. ಅಷ್ಟು ಚಂದದ ಕೆಲಸ ಮಾಡುವ ಕೈಗಳನ್ನು ನೋಡಿದಷ್ಟೂ ನನಗೆ ಒಂದೇ ಚಿಂತೆ. ದೀಪಾವಳಿಯಾದ ಮೇಲೆ ಆ ಕೈಗಳು ಇರುತ್ತವೋ ಇಲ್ಲವೋ?

ಕೋಠಿಗೆ ಹೋಗಿ ಸುಟ್ಟಗಾಯದ ಮುಲಾಮು ಹನ್ನೆರಡು ಟ್ಯೂಬು ತಂದೆ. ಔಷಧಿ ಅಂಗಡಿಯ ಮುದುಕ ಕನ್ನಡಕದ ಮೇಲಿಂದ ನೋಡಿ, "ಕ್ಯಾ ಅಮ್ಮಾ, ಹೋಟಲ್ ಖೋಲ್ರೇ ಕ್ಯಾ?" ಎಂದ. ಹೋಟೆಲು ತೆರೆಯುವಷ್ಟು ಧೈರ್ಯ ನಮ್ಮ ವಂಶಕ್ಕೆಲ್ಲಿದೆ!

ಇನ್ನು ಉಳಿದದ್ದು ಮದ್ದು. ಅದನ್ನು ಎಲ್ಲಿ ಬಚ್ಚಿಟ್ಟಿದ್ದಾರೆ? ಒಂದು ಭಾನುವಾರ ಕಾಕಾ ಸ್ನಾನಕ್ಕೆ ಹೋದದ್ದೇ ತಡ, ನಾನು ಮನೆಯೆಲ್ಲ ಜಾಲಾಡಿದೆ. ಅಕ್ಕಿ ಡಬ್ಬಿಯ ಹಿಂದೆ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಒಂದು ಸ್ಟೀಲಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆರೆದೆ. ತುಂಬ ಕರೀ ಪುಡಿ! ಉಸಿರು ಬಿಗಿಹಿಡಿದು, ಮೂಸಿಯೂ ನೋಡದೆ, ಬಟ್ಟೆ ನೆನೆಸಿದ್ದ ಬಕೆಟ್ಟಿನಲ್ಲಿ ಡಬ್ಬಿ ಸಮೇತ ಮುಳುಗಿಸಿ ಅದರ ಮೇಲೆ ಒಂದು ತಟ್ಟೆ ಮುಚ್ಚಿ ಕುಳಿತೆ. ಕಾಕು ಬಂದವಳೇ ತಟ್ಟೆ ಎತ್ತಿ ಹೌಹಾರಿದಳು.

"ಅಯ್ಯ ನಿನ್ನ! ಗುರೆಳ್ಳ ಹಿಂಡಿ! ಶೈಲಾಗ ಕಳಸಾಕ ಕುಟ್ಟಿ ಇಟ್ಟಿದ್ನಲ್ಲ! ಸೋಪಿನ ನೀರಾಗ ಹಾಕ್ದಿ?"

ಗುರೆಳ್ಳು ಚಟ್ನಿಪುಡಿಯನ್ನು ಮದ್ದೆಂದು ತಿಳಿದು ನೀರಿಗೆ ಹಾಕಿದ ವಿಜ್ಞಾನದ ಟೀಚರು ಭೂಮಂಡಲದಲ್ಲಿ ನಾನೊಬ್ಬಳೇ ಇರಬೇಕು. ಕಾಕಾ ಸ್ನಾನ ಮುಗಿಸಿ ಬಂದು ವಿಷಯ ತಿಳಿದು ನಗಲಿಲ್ಲ. ಅವರಿಗೆ ಅವಮಾನವಾಗಿತ್ತು. "ಮದ್ದನ್ನ ಅಡಿಗಿಮನ್ಯಾಗ ಇಡತೀನಂತ ತಿಳದೇನು? ಮೂವತ್ನಾಕ ವರ್ಷ ಏನ ಕಲತೀನಿ ನಾ? ಅನುಮತಿ ಇಲ್ದ ಒಂದ ಚಿಟಿಕಿನೂ ಮುಟ್ಟಂಗಿಲ್ಲ," ಎಂದರು. ಹಾಗೆಂದವರು ಮರುದಿನವೇ ಅನುಮತಿ ಕೇಳಲು ಪೊಲೀಸ್ ಠಾಣೆಗೆ ಹೋದರು!

ನಾನು ಏಳನೆಯ ತರಗತಿಗೆ ಉಷ್ಣದ ಪಾಠ ಹೇಳುತ್ತಿದ್ದೆ. ಫೋನು ಬಂತು. "ಮೇಡಂ, ಈ ಪೆದ್ದಾಯನ ಮೀ ಮನಿಷೇನಾ?" ಈ ಹಿರಿಯರು ನಿಮ್ಮವರೇನಾ ಎಂದು ಇನ್‌ಸ್ಪೆಕ್ಟರು ಕೇಳುತ್ತಿದ್ದರು. ಆಟೋ ಹತ್ತಿ ಓಡಿದೆ. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದರು. ಇನ್‌ಸ್ಪೆಕ್ಟರು ಅವರ ಅರ್ಜಿಯನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಹೀಗಿತ್ತು: ದೀಪಾವಳಿಯ ಸಂಜೆ ನನ್ನ ಮನೆಯ ಮಾಳಿಗೆಯ ಮೇಲೆ, ನಾನೇ ತುಂಬಿದ ಸಿಡಿಮದ್ದನ್ನು ನನ್ನ ಕೈಯಲ್ಲೇ ಹಿಡಿದು ಹಚ್ಚಲು ಅನುಮತಿ ಕೋರುತ್ತೇನೆ. ನೆರೆಹೊರೆಯವರಿಗೆ ಯಾವ ಅಪಾಯವೂ ಆಗದಂತೆ, ಆಗುವ ಅಪಾಯವೆಲ್ಲ ನನಗೊಬ್ಬನಿಗೇ ಆಗುವಂತೆ ನೋಡಿಕೊಳ್ಳಲಾಗುವುದು.

ಇನ್‌ಸ್ಪೆಕ್ಟರು ಒಳ್ಳೆಯವರು. ಚಹಾ ತರಿಸಿದರು. ಅನುಮತಿ ಸಾಧ್ಯವೇ ಇಲ್ಲವೆಂದು ಕಾಕಾಗೆ ಸಮಾಧಾನವಾಗಿ ಹೇಳಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಇವರನ್ನು ಒಂಟಿಯಾಗಿ ಬಿಡಬೇಡಿ ಎಂದರು. ಆ ಮಾತು ಕೇಳಿ ನನಗೆ ಮೊದಲ ಬಾರಿಗೆ ಬೇರೊಂದು ಭಯ ಹುಟ್ಟಿತು. ಇದು ಹುಚ್ಚಾಟವಲ್ಲದೆ ಬೇರೇನಾದರೂ ಆಗಿದ್ದರೆ? ಈ ಮನುಷ್ಯ ಸಾಯಲು ದಾರಿ ಹುಡುಕುತ್ತಿದ್ದರೆ?

ನಡೆದೇ ಹೋಗೋಣವೆಂದರು ಕಾಕಾ. ಮೆಟ್ರೋ ಕಂಬಗಳ ಕೆಳಗೆ, ಆ ಗದ್ದಲದಲ್ಲಿ, ನಾನು ಕೇಳಿಯೇಬಿಟ್ಟೆ.

"ಕಾಕಾ, ಖರೇ ಹೇಳ್ರಿ. ಯಾಕ ಬೇಕಾಗೈತಿ ಇದು ನಿಮಗ?"

"ಜಪಾನದಾಗ ಆ ಮುದುಕ ಶೈಲಾನ ಕಡಿಂದ ಒಂದ ಮಾತ ಹೇಳಿಸಿದ," ಎಂದರು. "ಅವರಾಗ ಒಬ್ಬರು ತುಂಬಿದ್ದನ್ನ ಇನ್ನೊಬ್ಬರು ಹಿಡಿಯಂಗಿಲ್ಲಂತ. ಬಿದಿರು ಕಡಿಯೋದು, ಹಗ್ಗ ಸುತ್ತೋದು, ಮದ್ದು ತುಂಬೋದು, ಎಲ್ಲಾ ಹಿಡಿಯೋವನ ಮಾಡಬೇಕು. ಯಾಕ ಅಂತ ಕೇಳಿದೆ. ತುಂಬೂಮುಂದ ಕೈ ಹೆಂಗಿತ್ತು, ಮನಸ್ಸ ಎಲ್ಲಿತ್ತು, ಅದು ತುಂಬಿದವಗ ಅಷ್ಟ ಗೊತ್ತು. ತಪ್ಪಾಗಿದ್ರ ತನ್ನ ಕೈ ಹೋಗಬೇಕು, ಮಂದೀದಲ್ಲ, ಅಂದ."

ಮಾಡಿದ್ದುಣ್ಣೋ ಮಹಾರಾಯ ಎಂದ ಹಾಗೆ, ತುಂಬಿದ್ದು ಹಿಡಿಯೋ ಮಹಾರಾಯ ಎಂದು ತಮಾಷೆ ಮಾಡಲು ಬಾಯಿ ತೆರೆದೆ. ಕಾಕಾನ ಮುಖ ನೋಡಿ ಮುಚ್ಚಿದೆ.

"ನಾ ತುಂಬಿದ್ದನ್ನ ನಾ ಒಂದ ದಿನಾನೂ ಹಿಡೀಲಿಲ್ಲ," ಎಂದರು. "ಯಾದಗಿರಿ ಹಿಡದ."

ಯಾದಗಿರಿ ಅವರ ಜೊತೆ ಕೆಲಸಕ್ಕೆ ಸೇರಿದವನು. ನಲಗೊಂಡದ ಕಡೆಯವನು. ಕಾಕಾ ಒಂದು ಕೋಣೆಯಲ್ಲಿ ಮದ್ದು ತುಂಬಿ ಕೊಟ್ಟದ್ದನ್ನು ಅವನು ಪಕ್ಕದ ಕೋಣೆಗೆ ಒಯ್ದು ಒತ್ತುಯಂತ್ರಕ್ಕೆ ಇಡುತ್ತಿದ್ದ. ಕಾಕಾನಿಗೆ ತೆಲುಗು ಕಲಿಸಿದವನು ಅವನು, ಅವನಿಗೆ ಜೋಳದ ರೊಟ್ಟಿಯ ರುಚಿ ಹತ್ತಿಸಿದವರು ಇವರು. ಶೈಲಾ ಇನ್ನೂ ತೊಟ್ಟಿಲಲ್ಲಿದ್ದಾಗ, ಒಂದು ಬೆಳಿಗ್ಗೆ, ಕಾಕಾ ತುಂಬಿ ಕೊಟ್ಟದ್ದು ಅವನ ಕೈಯಲ್ಲಿಯೇ ಸಿಡಿಯಿತು. ಅವನು ಉಳಿಯಲಿಲ್ಲ.

"ವಿಚಾರಣಿ ಮಾಡಿದ್ರು. ನಂದೇನೂ ತಪ್ಪಿಲ್ಲಂತ ಬರದ್ರು. ಬರೆಯೋವ್ರಿಗೇನ ಗೊತ್ತು? ಹಿಂದಿನ ದಿನ ಶೈಲಾಗ ಜ್ವರ ಇತ್ತು, ನನಗ ನಿದ್ದಿ ಇರಲಿಲ್ಲ. ತುಂಬಿದಂವ ನಾನು."

ಇಷ್ಟು ವರ್ಷ ನಕ್ಕದ್ದಕ್ಕೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಏನಾದರೂ ಹೇಳಬೇಕಿತ್ತು. ನಿಮ್ಮ ತಪ್ಪಲ್ಲ ಎಂದು ಹೇಳುವುದು ಸುಲಭ, ಅದನ್ನು ಸರಕಾರವೇ ಬರೆದುಕೊಟ್ಟಿದೆಯಲ್ಲ!

ದೀಪಾವಳಿ ಬಂತು. ಮದ್ದಿಲ್ಲ, ಅನುಮತಿಯಿಲ್ಲ, ಇನ್ನು ಗಂಡಾಂತರವಿಲ್ಲ ಎಂದು ನಾನು ತುಸು ನಿರಾಳವಾಗಿದ್ದೆ. ಸೂರ್ಯ ಮುಳುಗುವ ಹೊತ್ತಿಗೆ ಕಾಕು ಫೋನು ಮಾಡಿದಳು. "ಲಗೂನ ಬಾ. ಇವರು ಒದ್ದಿ ಧೋತ್ರ ಉಟಗೊಂಡು ಮಾಳಿಗಿ ಮ್ಯಾಲ ಹೋಗ್ಯಾರ. ಕೊಳವಿ ತಗೊಂಡು ಹೋಗ್ಯಾರ. ಅದು ಖಾಲಿ ಇಲ್ಲ, ವಜ್ಜಾ ಐತಿ!"

ಹಿಂದಿನ ಬೀದಿಯ ನನ್ನ ಮನೆಯಿಂದ ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಹನ್ನೆರಡು ಟ್ಯೂಬಿನಲ್ಲಿ ಎಷ್ಟು ಸಿಕ್ಕವೋ ಅಷ್ಟು ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಎರಡು ಬಿದ್ದವು. ಮೇಲೆ ಕಾಕಾ ತೊಯ್ದ ಹತ್ತಿಬಟ್ಟೆಯಲ್ಲಿ, ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ನಿಂತಿದ್ದರು. ಹಗ್ಗ ಸುತ್ತಿದ ಕೊಳವೆ ಕಾಲ ಬಳಿ ಇತ್ತು. ನಾನು ಹಿಂದುಮುಂದು ನೋಡದೆ ಅದರ ಬಾಯಿಯೊಳಗೆ ಕೈ ಹಾಕಿದೆ. ಗಟ್ಟಿಯಾಗಿ ಗಿಡಿದದ್ದು, ತಣ್ಣಗಿನದು, ಒರಟಾದದ್ದು.

ಮರಳು.

"ಪಕ್ಕದ ಮನಿ ಕಟ್ಟಾಕತ್ತಾರಲ್ಲ, ಅವರನ್ನ ಕೇಳಿ ತಂದೆ," ಎಂದರು ಕಾಕಾ. "ಅನುಮತಿ ಇಲ್ಲ ಅಂದ್ರ ಇಲ್ಲ. ತುಂಬಿದ್ದು ನಾನ. ಹಿಡಿಯೋದಷ್ಟ ಉಳದೈತಿ. ನೀವಿಬ್ರೂ ದೂರ ನಿಲ್ರಿ."

ನಾನು ಕಾಕುವಿನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮರಳು ತುಂಬಿದ ಬಿದಿರಿಗೆ ದೂರ ನಿಲ್ಲಬೇಕಂತೆ! ನಗು ಉಕ್ಕಿ ಬರಬೇಕಿತ್ತು. ಆದರೆ ಕಾಕಾ ಕೊಳವೆಯನ್ನೆತ್ತಿ ಸೊಂಟಕ್ಕೆ ಒತ್ತಿಕೊಂಡು, ಹಗ್ಗದೊಳಗೆ ಬೆರಳು ಸೇರಿಸಿ, ಕಾಲು ಅಗಲಿಸಿ ನಿಂತು ಕಣ್ಣು ಮುಚ್ಚಿದರು ನೋಡಿ, ಆಗ ನಾವಿಬ್ಬರೂ ನಿಜವಾಗಿ ಹಿಂದೆ ಸರಿದೆವು. ನೀರಿನ ಟಾಕಿಗೆ ಬೆನ್ನು ತಾಗುವ ತನಕ ಸರಿದೆವು. ಕಾಕಾ ಬಾಯಿಯಲ್ಲೇ ಏನೋ ಎಣಿಸುತ್ತಿದ್ದರು. ಸುತ್ತಲಿನ ಮಾಳಿಗೆಗಳಿಂದ ರಾಕೆಟ್ಟುಗಳು ಏಳುತ್ತಿದ್ದವು, ಬೀದಿಯಲ್ಲಿ ಸರಪಟಾಕಿ, ಗಾಳಿಯೆಲ್ಲ ಹೊಗೆ. ಅವರ ಮುಖದ ಮೇಲೆ ಕೆಂಪು, ಹಸಿರು ಬೆಳಕು ಬಿದ್ದು ಹೋಗುತ್ತಿತ್ತು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮರಳೆಂದು ನನಗೂ ಗೊತ್ತು, ಅವರಿಗೂ ಗೊತ್ತು, ಹೆದರಿಕೆಗೆ ಮಾತ್ರ ಗೊತ್ತಿರಲಿಲ್ಲ. ಕಾಕು ನನ್ನ ಕೈಯನ್ನು ಎಲುಬು ಮುರಿಯುವ ಹಾಗೆ ಹಿಡಿದಿದ್ದಳು.

ಆಗ ಕೆಳಗೆ ಯಾರೋ ಒಂದು ದೊಡ್ಡ ಸುತ್ಲಿ ಬಾಂಬು ಹಚ್ಚಿದರು. ಢಂ! ಕಿಟಕಿಗಳೆಲ್ಲ ಅದುರಿದವು. ನಾನು ಕಿರುಚಿದೆ. ಕಾಕು "ಅವ್ವಾ" ಎಂದು ಅಲ್ಲೇ ಕುಸಿದು ಕುಳಿತಳು.

ಕಾಕಾ ಅಲುಗಲಿಲ್ಲ.

ಅಲುಗಲಿಲ್ಲ, ಆದರೆ ಕಣ್ಣು ತೆರೆಯಲೂ ಇಲ್ಲ, ಕೊಳವೆಯನ್ನು ಬಿಡಲೂ ಇಲ್ಲ. ಹತ್ತಿರ ಹೋದೆ. ಬೆರಳುಗಳು ಹಗ್ಗದಲ್ಲಿ ಬಿಗಿದು ಬೆಳ್ಳಗಾಗಿದ್ದವು. ಒಂದೊಂದನ್ನೇ ಬಿಡಿಸಿ ಕೊಳವೆಯನ್ನು ನೆಲಕ್ಕಿಳಿಸಿದೆ. ಅವರು ಮುಚ್ಚಿದ ಕಣ್ಣಲ್ಲೇ, ಬಹಳ ಮೆಲ್ಲಗೆ ಕೇಳಿದರು:

"ಕೈ ಅದಾವೇನ ನೋಡು."

"ಅದಾವ ಕಾಕಾ," ಎಂದೆ.

"ದವಾಖಾನಿಗೆ ಒಯ್ಯೂಮುಂದ ಯಾದಗಿರಿನೂ ಹಿಂಗ ಕೇಳಿದ್ದ. ನಾನೂ ಹಿಂಗ ಅಂದಿದ್ದೆ, ಅದಾವ ಅಂತ."

ನಾನು ಆ ಎರಡೂ ಕೈಗಳನ್ನು ಎತ್ತಿ ಅವರ ಮುಖದ ಮುಂದೆ ಹಿಡಿದೆ.

"ಖರೇನ ಅದಾವ ಕಾಕಾ," ಎಂದೆ. "ಕಣ್ಣ ತಗೀರಿ. ನೋಡ್ರಿ."